ಹಾವಿನ ವಿಷಕ್ಕಿಂತ ದೂರವೇ ಘೋರ

2025ರ ಜುಲೈ ತಿಂಗಳಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ಉದ್ಘಾಟನೆಯಾದ ದಿನ, ಬಸವೇಶ್ವರನಗರದ ನಮ್ಮ ಮನೆಯಲ್ಲಿ ನನ್ನ ಪತ್ನಿ ಟಿ.ವಿ. ಮುಂದೆ ಕುಳಿತು ಕಣ್ಣೊರೆಸಿಕೊಂಡರು. ಅವರ ತವರು ಆ ನೀರಿನಾಚೆಯ ಕರೂರು ಹೋಬಳಿಯ ಒಂದು ಸಣ್ಣ ಊರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಮೇಲೆ ಆ ಸೀಮೆಯ ಜನ ಸಾಗರ ಪೇಟೆಗೆ ಬರಬೇಕಾದರೆ ಲಾಂಚ್ ಹತ್ತಬೇಕಾಗಿತ್ತು, ಇಲ್ಲವೇ ಕಾರ್ಗಲ್ ಮೂಲಕ ಕಾಡಿನ ದಾರಿಯಲ್ಲಿ ಸುತ್ತು ಹಾಕಬೇಕಾಗಿತ್ತು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಕಾಯಿಲೆ ಬಿದ್ದವರ ಪಾಲಿಗೆ ದೇವರೇ ದಿಕ್ಕು. ಸೇತುವೆಯ ದೃಶ್ಯಗಳನ್ನು ನೋಡುತ್ತಿದ್ದಾಗ ನಮ್ಮಿಬ್ಬರಿಗೂ ನೆನಪಾದದ್ದು 1998ರ ಮಳೆಗಾಲದ ಒಂದು ರಾತ್ರಿ.

ಅಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ನಮ್ಮ ಮನೆಯ ದೂರವಾಣಿ ಗಂಟೆ ಬಾರಿಸಿತು. ಪಕ್ಕದ ಮನೆಯ ಫೋನಿನಿಂದ ನನ್ನ ಪತ್ನಿಯ ತಮ್ಮ ಮಾತನಾಡುತ್ತಿದ್ದ. ‘ಭಾವ, ಮಗು ಹೊಟ್ಟೆನೋವು ಅಂತ ಎದ್ದಳು. ಓಮದ ಕಷಾಯ ಕೊಟ್ಟೆವು. ಈಗ ಕಣ್ಣು ತೆರೆಯೋಕೆ ಆಗ್ತಿಲ್ಲ, ಮಾತು ತೊದಲುತ್ತಿದೆ’ ಎಂದ. ಹನ್ನೊಂದು ವರ್ಷದ ಹುಡುಗಿ ನಡುಮನೆಯಲ್ಲಿ ಅಜ್ಜಿಯ ಪಕ್ಕ ಚಾಪೆಯ ಮೇಲೆ ಮಲಗಿದ್ದಳು. ಹಾವು ಕಚ್ಚಿದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ನಮ್ಮ ಬೀದಿಯ ವೈದ್ಯರೊಬ್ಬರನ್ನು ಎಬ್ಬಿಸಿ ಲಕ್ಷಣಗಳನ್ನು ಹೇಳಿದೆ. ಅವರು ಕೂಡಲೇ, ‘ಕಟ್ಟುಹಾವು ಇರಬೇಕು. ಇನ್ನೊಂದು ಕ್ಷಣವೂ ಕಾಯಬೇಡಿ ಅನ್ನಿ. ಉಸಿರು ನಿಲ್ಲದಂತೆ ನೋಡಿಕೊಂಡರೆ ಮಗು ಬದುಕುತ್ತದೆ’ ಎಂದರು. ಬೆಳಿಗ್ಗೆ ಹಾಸಿಗೆ ಮಡಿಸುವಾಗ ಗೋಡೆಯ ಪಕ್ಕದ ಭತ್ತದ ಮೂಟೆಯ ಕೆಳಗೆ ಬಿಳಿಯ ಪಟ್ಟೆಗಳ ಕರಿಹಾವು ಕಂಡಿತಂತೆ.

ಲಾಂಚ್ ಇರಲಿಲ್ಲ. ಊರಿನ ಒಬ್ಬರ ಜೀಪಿನಲ್ಲಿ ಮಳೆಯ ನಡುವೆ ಸುತ್ತುದಾರಿ ಹಿಡಿದರು. ಬೆಳಗಿನ ಜಾವ ಮೊದಲು ಸಿಕ್ಕ ಆಸ್ಪತ್ರೆಯಲ್ಲಿ ಪ್ರತಿವಿಷವೇನೋ ಇತ್ತು. ಆದರೆ ಅದನ್ನಿಟ್ಟಿದ್ದ ಕೋಣೆಯ ಬೀಗದಕೈ ರಜೆಯ ಮೇಲೆ ಊರಿಗೆ ಹೋಗಿದ್ದ ನೌಕರರೊಬ್ಬರ ಬಳಿ ಉಳಿದಿತ್ತು. ಒಬ್ಬರೇ ಇದ್ದ ಕಿರಿಯ ವೈದ್ಯರು ಗಾಬರಿಯಾದರೂ ಕೈಚೆಲ್ಲಲಿಲ್ಲ. ಉಸಿರು ತುಂಬುವ ರಬ್ಬರಿನ ಅಂಬು ಚೀಲವನ್ನು ನನ್ನ ಭಾವಮೈದುನನ ಕೈಗಿತ್ತು, ಹೇಗೆ ಒತ್ತಬೇಕು, ಎಷ್ಟು ಬಿಡುವು ಕೊಡಬೇಕು ಎಂದು ಕಲಿಸಿ ಕಳುಹಿಸಿದರು. ಮುಂದಿನ ದೊಡ್ಡ ಆಸ್ಪತ್ರೆ ತಲುಪುವವರೆಗೆ ತಂದೆಯೂ ಚಿಕ್ಕಪ್ಪನೂ ಸರದಿಯಂತೆ ಆ ಚೀಲವನ್ನು ಒತ್ತುತ್ತಲೇ ಇದ್ದರು. ಅಲ್ಲಿ ಪ್ರತಿವಿಷ ಕೊಟ್ಟು ಕೃತಕ ಉಸಿರಾಟದ ಯಂತ್ರಕ್ಕೆ ಹಾಕಿದರು. ನಾಲ್ಕನೆಯ ದಿನ ಹುಡುಗಿ ಕಣ್ಣು ಬಿಟ್ಟಳು. ಇಂದು ಆಕೆ ಶಾಲಾ ಶಿಕ್ಷಕಿ, ಎರಡು ಮಕ್ಕಳ ತಾಯಿ. ಆದರೆ ಆ ಚಿಕಿತ್ಸೆಗಾಗಿ ಮನೆಯ ಹೆಂಗಸರ ಒಡವೆ ಗಿರವಿ ಹೋಯಿತು. ಮರುವರ್ಷದ ಅಡಿಕೆಯ ಮೇಲೆ ಮಂಡಿಯಲ್ಲಿ ಮುಂಗಡ ಪಡೆಯಬೇಕಾಯಿತು. ಸಾಲ ತೀರಲು ಮೂರು ಫಸಲು ಹಿಡಿಯಿತು.

ನಾನು ಆಗ ಸರ್ಕಾರದ ಸೇವೆಯಲ್ಲಿದ್ದೆ. ಬೀಗದಕೈಯ ಸಂಗತಿ ಮನಸ್ಸಿನಿಂದ ಹೋಗಲಿಲ್ಲ. ಕೆಲವು ತಿಂಗಳ ನಂತರ ಆರೋಗ್ಯ ಇಲಾಖೆಯ ಸ್ನೇಹಿತರೊಬ್ಬರಲ್ಲಿ ವಿಚಾರಿಸಿದಾಗ ಸಿಕ್ಕ ವಿವರಣೆ ನನ್ನನ್ನೇ ತಲೆತಗ್ಗಿಸುವಂತೆ ಮಾಡಿತು. ಹಿಂದಿನ ವರ್ಷ ಒಂದಷ್ಟು ಪ್ರತಿವಿಷದ ಸೀಸೆಗಳು ಬಳಕೆಯಾಗದೆ ಅವಧಿ ಮೀರಿದ್ದವು. ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬಂದಿತ್ತು. ವಿವರಣೆ ಕೊಟ್ಟು ಸುಸ್ತಾದವರು ಅಂದಿನಿಂದ ಸೀಸೆಗಳನ್ನು ಬೀಗದೊಳಗಿಟ್ಟು, ಬೇಡಿಕೆಯನ್ನೂ ಕಡಿಮೆ ಮಾಡಿದ್ದರು. ಅಂಥ ಆಕ್ಷೇಪಣೆಗಳ ಕಡತಗಳಲ್ಲಿ ‘ನಷ್ಟಕ್ಕೆ ಹೊಣೆ ನಿಗದಿಪಡಿಸಿ’ ಎಂದು ನಾನೂ ನನ್ನ ಇಲಾಖೆಯಲ್ಲಿ ಬರೆದವನೇ. ಅರ್ಥಶಾಸ್ತ್ರ ಓದಿದವನಿಗೆ ಈ ತಪ್ಪು ಮೊದಲೇ ಹೊಳೆಯಬೇಕಿತ್ತು. ಊರಿಗೆ ಬೆಂಕಿ ಬೀಳಲಿಲ್ಲವೆಂದು ಅಗ್ನಿಶಾಮಕ ವಾಹನದ ಖರ್ಚನ್ನು ನಷ್ಟವೆಂದು ಯಾರೂ ಬರೆಯುವುದಿಲ್ಲ. ಬಳಕೆಯಾಗದೆ ಉಳಿದ ಪ್ರತಿವಿಷವೂ ಹಾಗೆಯೇ ವಿಮೆ. ಅದನ್ನು ವ್ಯರ್ಥವೆಂದು ಪರಿಗಣಿಸುವ ಲೆಕ್ಕವು ಕೊನೆಗೆ ಜೀವವನ್ನು ಬೆಲೆಯಾಗಿ ಕೇಳುತ್ತದೆ.

ಇದು ಒಂದು ಕುಟುಂಬದ ಕಥೆಯಷ್ಟೇ ಆಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. 2000ದಿಂದ 2019ರವರೆಗಿನ ಎರಡು ದಶಕಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತರೆಂದು, ಎಂದರೆ ವರ್ಷಕ್ಕೆ ಸರಾಸರಿ 58,000 ಮಂದಿ ಎಂದು, 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಮನೆಮನೆಗೆ ಹೋಗಿ ಸಾವಿನ ಕಾರಣ ವಿಚಾರಿಸಿ ಸಿದ್ಧಪಡಿಸಿದ ಲೆಕ್ಕವಿದು. ಸತ್ತವರಲ್ಲಿ ಬಹುಪಾಲು ಹಳ್ಳಿಗರು. ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ಬಹಳಷ್ಟು ಜನ ಆಸ್ಪತ್ರೆಯ ಮೆಟ್ಟಿಲನ್ನೇ ತುಳಿದಿರಲಿಲ್ಲ. ಆಸ್ಪತ್ರೆಗಳ ದಾಖಲೆಯನ್ನಷ್ಟೇ ನಂಬಿದ ಸರ್ಕಾರಿ ಅಂಕಿ ಅಂಶಗಳಲ್ಲಿ ಇವರು ಕಾಣಿಸಿಕೊಳ್ಳದಿದ್ದುದು ಇದೇ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವು ಕಡಿತವನ್ನು ಉಷ್ಣವಲಯದ ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಿರ್ಲಕ್ಷಿತ ಎಂಬ ಪದ ಇಷ್ಟು ಒಪ್ಪುವ ಕಾಯಿಲೆ ಇನ್ನೊಂದಿಲ್ಲ.

ಈ ವಿಷಯದಲ್ಲಿ ಕರ್ನಾಟಕಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲೇಬೇಕು. ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮ 2020ರ ಅಡಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಘೋಷಿಸಿತು. ಖಾಸಗಿ ಆಸ್ಪತ್ರೆಗಳೂ ವರದಿ ಸಲ್ಲಿಸಬೇಕಾಯಿತು. 2023ರಲ್ಲಿ ಆರೂವರೆ ಸಾವಿರದ ಆಸುಪಾಸಿನಲ್ಲಿದ್ದ ಪ್ರಕರಣಗಳ ಸಂಖ್ಯೆ ಮರುವರ್ಷ ಹದಿಮೂರು ಸಾವಿರ ದಾಟಿತು. ಎರಡು ಡಜನ್ನಿಗಿಂತ ಕಡಿಮೆ ಇದ್ದ ಸಾವಿನ ಸಂಖ್ಯೆ ನೂರರ ಸಮೀಪಕ್ಕೆ ಬಂದಿತು. ಹಾವುಗಳು ಒಂದೇ ವರ್ಷದಲ್ಲಿ ಇಮ್ಮಡಿಯಾಗಲಿಲ್ಲ. ನಾವು ಎಣಿಸತೊಡಗಿದೆವು, ಅಷ್ಟೆ. ಏರಿದ ಸಂಖ್ಯೆಯನ್ನು ಕಂಡು ಆಡಳಿತವನ್ನು ದೂರುವುದು ತಪ್ಪು. ಹಿಂದಿನ ಕಡಿಮೆ ಸಂಖ್ಯೆಯನ್ನು ನಂಬಿ ನೆಮ್ಮದಿಯಿಂದಿದ್ದುದೇ ದೊಡ್ಡ ತಪ್ಪು. ಕೇಂದ್ರ ಸರ್ಕಾರವೂ 2024ರ ಮಾರ್ಚಿಯಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಹೊರತಂದು, 2030ರ ಹೊತ್ತಿಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿ ಇಟ್ಟುಕೊಂಡಿದೆ.

ಆದರೆ ಎಣಿಕೆ ಚಿಕಿತ್ಸೆಯಲ್ಲ. ಹಾವು ಕಡಿತದಲ್ಲಿ ಜೀವ ಉಳಿಯುವುದು ಮೊದಲ ಕೆಲವು ಗಂಟೆಗಳಲ್ಲಿ. ಕಟ್ಟುಹಾವಿನ ವಿಷ ನರದ ತುದಿಗಳನ್ನು ಒಮ್ಮೆ ಕೆಡಿಸಿದ ಮೇಲೆ ತಡವಾಗಿ ಕೊಟ್ಟ ಪ್ರತಿವಿಷ ಅದನ್ನು ಸರಿಪಡಿಸಲಾರದು. ನರ ಚೇತರಿಸಿಕೊಳ್ಳುವವರೆಗೆ ಉಸಿರು ತುಂಬುವುದೊಂದೇ ದಾರಿ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸಿ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ತಡವಾದರೆ ಬದುಕಿ ಉಳಿದವರೂ ಡಯಾಲಿಸಿಸ್‌ಗೆ ಅಲೆಯಬೇಕು. ರಕ್ತ ಕೆಟ್ಟಿದೆಯೇ ಎಂದು ತಿಳಿಯಲು ದುಬಾರಿ ಯಂತ್ರವೂ ಬೇಕಿಲ್ಲ. ಒಣಗಿದ ಶುದ್ಧ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತವನ್ನು ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು ನೋಡಿದರೆ ಸಾಕು. ಇದನ್ನು ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾದರೂ ಮಾಡಬಹುದು.

ಹಾಗಾದರೆ ರೋಗಿಯನ್ನು ಮೊದಲ ಡೋಸ್ ಕೊಡದೆ ಮುಂದಿನ ಊರಿಗೆ ಸಾಗಹಾಕುವ ಪರಿಪಾಠ ಏಕಿದೆ? ಒಂದು, ಪ್ರತಿವಿಷ ಕೆಲವರಿಗೆ ತೀವ್ರ ಪ್ರತಿಕ್ರಿಯೆ ಉಂಟುಮಾಡುತ್ತದೆಂಬ ಭಯ. ಪಕ್ಕದಲ್ಲಿ ಅಡ್ರಿನಲಿನ್ ಸಿದ್ಧವಿಟ್ಟುಕೊಂಡ, ತರಬೇತಿ ಪಡೆದ ವೈದ್ಯರು ಇದನ್ನು ನಿಭಾಯಿಸಬಲ್ಲರು. ಎರಡು, ರೋಗಿ ಸತ್ತರೆ ಜನ ತಿರುಗಿಬಿದ್ದಾರೆಂಬ ಅಂಜಿಕೆ. ಮೂರು, ದಾಸ್ತಾನಿನ ಅಭಾವ. ಮೊದಲ ಸುತ್ತಿಗೆ ಎಂಟು ಹತ್ತು ಸೀಸೆ ಬೇಕಾಗುವಾಗ ಎರಡೇ ಸೀಸೆ ಇಟ್ಟುಕೊಂಡ ಕೇಂದ್ರವು ಚಿಕಿತ್ಸೆ ಆರಂಭಿಸುವುದಾದರೂ ಹೇಗೆ?

ಸತ್ತವರು ರೈತರೋ ಕೃಷಿ ಕಾರ್ಮಿಕರೋ ಆಗಿದ್ದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ಪರಿಹಾರ ಕೊಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಅದು ಸರಿಯೇ. ಆದರೆ ಒಂದು ಸೀಸೆ ಪ್ರತಿವಿಷದ ಬೆಲೆ ಕೆಲವು ನೂರು ರೂಪಾಯಿಗಳು. ಹತ್ತು ಸೀಸೆಗೆ ಕೆಲವು ಸಾವಿರ. ಸಾವಿಗೆ ಲಕ್ಷ ಕೊಡಲು ಸಿದ್ಧವಿರುವ ಬೊಕ್ಕಸ ಜೀವಕ್ಕೆ ಸಾವಿರ ಕೊಡುವಾಗ ಆಕ್ಷೇಪಣೆಗೆ ಹೆದರುವುದು ವಿಪರ್ಯಾಸ. ಒಂದು ಸರಳ ಸುತ್ತೋಲೆ ಇದನ್ನು ಸರಿಪಡಿಸಬಲ್ಲದು. ಪ್ರತಿ ಕೇಂದ್ರದಲ್ಲಿ ಇರಲೇಬೇಕಾದ ಕನಿಷ್ಠ ದಾಸ್ತಾನು ಎಷ್ಟೆಂದು ನಿಗದಿಪಡಿಸಬೇಕು. ಅವಧಿ ಮೀರಲು ಆರು ತಿಂಗಳಿರುವಾಗಲೇ ಸೀಸೆಗಳನ್ನು ಹೆಚ್ಚು ಬಳಕೆಯಿರುವ ಜಿಲ್ಲಾಸ್ಪತ್ರೆಗೆ ಕಳುಹಿಸಿ ಹೊಸದನ್ನು ತರಿಸಬೇಕು. ಅಷ್ಟಾಗಿಯೂ ಅವಧಿ ಮೀರಿದ್ದನ್ನು ನಷ್ಟವೆಂದು ಬರೆಯಬಾರದು. ಬೀಗದಕೈ ರಾತ್ರಿ ಪಾಳಿಯವರ ಕೈಯಲ್ಲಿರಬೇಕು.

ಪ್ರತಿವಿಷಕ್ಕೂ ಮಿತಿಗಳಿವೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದಷ್ಟೇ ಅದನ್ನು ತಯಾರಿಸುತ್ತಾರೆ. ಅದಕ್ಕೆ ಬೇಕಾದ ವಿಷದ ಬಹುಪಾಲನ್ನು ಪೂರೈಸುತ್ತ ಬಂದಿರುವುದು ತಮಿಳುನಾಡಿನ ಇರುಳರ ಸಹಕಾರ ಸಂಘ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಮಲೆನಾಡಿನ ತೋಟಗಳಲ್ಲಿ ಕಚ್ಚುವ ಗುಳಿಮಂಡಲಗಳಿಗೆ ಈ ಔಷಧಿ ನಾಟುವುದಿಲ್ಲ. ನಮ್ಮ ನೆಲದ ಹಾವಿಗೆ ನಮ್ಮ ನೆಲದಲ್ಲೇ ಪ್ರತಿವಿಷ ಸಿದ್ಧವಾಗಬೇಕೆಂಬ ಬೇಡಿಕೆ ಆದ್ದರಿಂದ ನ್ಯಾಯವಾದುದು.

ಅದು ಆಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ನೆರೆಯ ನೇಪಾಳದ ತರಾಯಿ ಪ್ರದೇಶದಲ್ಲಿ ಹಳ್ಳಿಯ ಸ್ವಯಂಸೇವಕರು ಹಾವು ಕಚ್ಚಿದವರನ್ನು ಮೋಟಾರ್ ಸೈಕಲ್ಲಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಚಿಕಿತ್ಸಾ ಕೇಂದ್ರಕ್ಕೆ ತಲುಪಿಸುವ ಏರ್ಪಾಡು ಮಾಡಿದಾಗ ಸಾವುಗಳು ಗಣನೀಯವಾಗಿ ಇಳಿದವು. ರಾಜ್ಯದಲ್ಲಿ 2008ರಿಂದ 108 ಆಂಬುಲೆನ್ಸ್ ಸೇವೆಯಿದೆ. ಆದರೆ ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಊರುಗಳಿಗೆ, ಖಾನಾಪುರದ ಕಾಡಿನೊಳಗಿನ ಹಳ್ಳಿಗಳಿಗೆ ಮಳೆಗಾಲದಲ್ಲಿ ಅದು ಮುಟ್ಟುವುದು ಕಷ್ಟ. ಅಲ್ಲೆಲ್ಲ ಊರಿನ ಬೈಕುಗಳೇ ಆಂಬುಲೆನ್ಸ್ ಆಗಬೇಕು.

ಪಶ್ಚಿಮ ಬೆಂಗಳೂರಿನ ನಮಗೂ ಇದಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಕೆಂಗೇರಿಯ ಆಚೆಯ ಹೊಸ ಬಡಾವಣೆಗಳ ಖಾಲಿ ನಿವೇಶನಗಳಲ್ಲಿ ಹಾವು ಕಾಣಿಸಿಕೊಳ್ಳುವುದು ಸಾಮಾನ್ಯ. ಅಲ್ಲಿ ಕಚ್ಚಿಸಿಕೊಂಡವರು ಹೆಚ್ಚೆಂದರೆ ಒಂದು ಗಂಟೆಯಲ್ಲಿ ದೊಡ್ಡ ಆಸ್ಪತ್ರೆ ಸೇರುತ್ತಾರೆ. ಅದೇ ಹಾವು, ಅದೇ ವಿಷ; ಫಲಿತಾಂಶ ಮಾತ್ರ ಬೇರೆ. ಇದಕ್ಕಿಂತ ಮುಖ್ಯವಾಗಿ, ವಿಜಯನಗರ, ರಾಜಾಜಿನಗರಗಳ ಮನೆಮನೆಯಲ್ಲೂ ಊರಿನ ನಂಟಿದೆ. ಹಬ್ಬಕ್ಕೆ ಊರಿಗೆ ಹೋಗುವಾಗ ಸೀರೆ, ಸಿಹಿತಿಂಡಿಗಳ ಜೊತೆ ಒಂದು ಒಳ್ಳೆಯ ಟಾರ್ಚು, ನೆಲದ ಮೇಲೆ ಮಲಗುವವರಿಗೆ ಸೊಳ್ಳೆಪರದೆ, ಸಾಧ್ಯವಾದರೆ ಒಂದು ಮಂಚ ಕೊಟ್ಟು ಬನ್ನಿ. ಹಾಸಿಗೆಯ ಅಡಿಗೆ ಸಿಕ್ಕಿಸಿದ ಪರದೆ ಕಟ್ಟುಹಾವನ್ನೂ ತಡೆಯುತ್ತದೆ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಮುರಿದ ಮೂಳೆಗೆ ಮಾಡುವಂತೆ ಆ ಅಂಗವನ್ನು ಅಲುಗದಂತೆ ಇರಿಸಿ, ಧೈರ್ಯ ಹೇಳಿ, ಹೊರಡಬೇಕು ಎಂದು ತಿಳಿಸಿ. ಮಂತ್ರ ಹಾಕುವವರ ಮನೆಗೆ ಮೊದಲು ಹೋಗುವವರನ್ನು ಹಂಗಿಸಬೇಡಿ. ಅವರ ಮನೆ ಹತ್ತಿರವಿದೆ, ಬಾಗಿಲು ರಾತ್ರಿಯೂ ತೆರೆದಿರುತ್ತದೆ. ಆಸ್ಪತ್ರೆಯೂ ಹಾಗಾದ ದಿನ ಜನ ತಾವಾಗಿಯೇ ಅಲ್ಲಿಗೆ ಬರುತ್ತಾರೆ.

ಇನ್ನೊಂದು ಋಣವೂ ಇದೆ. ಶರಾವತಿಯ ವಿದ್ಯುತ್ತು ಹರಿದು ಬಂದದ್ದರಿಂದಲೇ ಅರವತ್ತರ ದಶಕದ ನಂತರ ಈ ನಗರದ ಕಾರ್ಖಾನೆಗಳ ಯಂತ್ರಗಳು ತಿರುಗಿದವು, ನಮ್ಮ ಬಡಾವಣೆಗಳ ದೀಪಗಳು ಉರಿದವು. ಅದಕ್ಕಾಗಿ ನೆಲ ಕೊಟ್ಟವರು ಅರವತ್ತು ವರ್ಷ ಲಾಂಚಿಗಾಗಿ ಕಾದರು. ಈಗ ಸೇತುವೆ ಬಂದಿದೆ. ಭಾವಮೈದುನನಿಗೆ ಫೋನ್ ಮಾಡಿ ಸಂತೋಷ ಹಂಚಿಕೊಂಡಾಗ ಅವನು ಹೇಳಿದ: ‘ಸೇತುವೆ ಚೆನ್ನಾಗಿದೆ ಭಾವ. ಆದರೆ ಆಚೆ ದಡದಲ್ಲಿ ರಾತ್ರಿ ಹೊತ್ತು ಔಷಧಿ ಸಿಗುತ್ತೋ ಇಲ್ಲವೋ, ಅದನ್ನು ಯಾರನ್ನಾದರೂ ವಿಚಾರಿಸಿ ಹೇಳಿ.’

ನಿವೃತ್ತನಾದ ನಾನು ಈಗ ವಿಚಾರಿಸಬಲ್ಲೆನೇ ಹೊರತು ಆದೇಶ ಹೊರಡಿಸಲಾರೆ. ಹೊರಡಿಸಬಲ್ಲವರು ಅವನ ಪ್ರಶ್ನೆಗೆ ಮುಂದಿನ ಮಳೆಗಾಲದೊಳಗೆ ಉತ್ತರ ಕೊಡಲಿ.