ಕಾಮರ್ಸ್ ಹುಡುಗನಿಗೂ ಕೆಮಿಸ್ಟ್ರಿ ಬೇಕು, ಆದರೆ ಎಂಥದ್ದು?

ನಾನು ಬಿ.ಕಾಂ. ಓದಿ ಅಂಗಡಿ ಇಟ್ಟವನು. ನಾನು ಮಾರುವ ಒಣದ್ರಾಕ್ಷಿಯ ಹಳದಿ ಬಣ್ಣ ಉಳಿಯೋದು ಗಂಧಕದ ಹೊಗೆಯಿಂದ ಅಂತ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಮಹಾರಾಷ್ಟ್ರದಲ್ಲಿ ಈಗ ಹೊಸ ಶಿಕ್ಷಣ ನೀತಿಯಂತೆ ಪದವಿ ವಿದ್ಯಾರ್ಥಿಗಳು ತಮ್ಮ ವಿಭಾಗದ ಹೊರಗಿನ ಒಂದು ಓಪನ್ ಇಲೆಕ್ಟಿವ್ ಓದಲೇಬೇಕು. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆ ಮುಗಿಸಿ ಕಾಮರ್ಸ್ ಸೇರಿದವನೂ, ಕಾಲೇಜು ಕೊಟ್ಟರೆ, ಕೆಮಿಸ್ಟ್ರಿ ಓದಬಹುದು. ಒಳ್ಳೆಯದೇ. ಆದರೆ ಬಿ.ಎಸ್ಸಿ. ಪಾಠವನ್ನೇ ಅರ್ಧ ಕತ್ತರಿಸಿ ಕೊಟ್ಟರೆ ಅವನು ಕ್ರೆಡಿಟ್‌ಗಾಗಿ ಬಾಯಿಪಾಠ ಮಾಡ್ತಾನೆ, ಅಷ್ಟೇ.

ಕೆಮಿಸ್ಟ್ರಿ ಮೇಜರ್‌ನವರಿಗೆ ಸಿದ್ಧಾಂತದ ಆಳ ಬೇಕು, ಬಯಾಲಜಿಯವರಿಗೆ ಪ್ರೋಟೀನು, ಕಿಣ್ವಗಳ ಕೆಮಿಸ್ಟ್ರಿ. ಕಾಮರ್ಸ್‌ನವರಿಗೆ ತಮ್ಮೂರಿನ ಸರಕಿನ ಕೆಮಿಸ್ಟ್ರಿ. ಸಾಂಗ್ಲಿ ಜಿಲ್ಲೆಯಲ್ಲಿ ದ್ರಾಕ್ಷಿ ಒಣಗಿಸುವ ಮುಂಚೆ ಪೊಟ್ಯಾಶಿಯಂ ಕಾರ್ಬೊನೇಟ್, ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಅದು ಸಿಪ್ಪೆಯ ಮೇಣ ಸಡಿಲಿಸಿ ನೀರು ಬೇಗ ಆರುವಂತೆ ಮಾಡುತ್ತದೆ. ಗಂಧಕದ ಅಂಶ ಹೆಚ್ಚಾದರೆ ಕೆಲವು ಆಸ್ತಮಾ ರೋಗಿಗಳಿಗೆ ಉಸಿರಾಟದ ತೊಂದರೆ. ಇದು ವ್ಯಾಪಾರಿಗೆ ಗೊತ್ತಿರಬೇಕಾದ ಲೆಕ್ಕ ಅಲ್ಲವೇ?

ಕರ್ನಾಟಕ 2021ರಲ್ಲಿ ಈ ನೀತಿ ತಂದು 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ನೀತಿ ಬದಲಾಗುತ್ತಲೇ ಇರುತ್ತದೆ. ನಮ್ಮ ಯುವಕರು ವಿಷಯ ಆರಿಸುವಾಗ ಸುಲಭ ಯಾವುದು ಅಂತ ಕೇಳೋದು ಬಿಟ್ಟು, ನಾಳೆ ಕೈಗೆ ಬರುವುದು ಯಾವುದು ಅಂತ ಕೇಳಲಿ.