ಲಕ್ಕಿ ಸೊಪ್ಪು ಮತ್ತು ಸ್ನಾಯುರಜ್ಜುವಿನ ನೋವು

ಲಕ್ಕಿ ಸೊಪ್ಪಿನ ಶಾಖದಿಂದ ಸ್ನಾಯುರಜ್ಜುವಿನ ನೋವು ಗುಣವಾಗುವುದೇ ಎಂದು ಸದ್ಭಕ್ತರು ಆಗಾಗ ಕೇಳುವುದುಂಟು. ಹಿರೀಸಾವೆ ಸೀಮೆಯಲ್ಲಿ ತೆಂಗಿನಕಾಯಿ ಸುಲಿಯುವವರ ಮೊಣಕೈಗೂ ಹೊಲದಲ್ಲಿ ದುಡಿಯುವವರ ಹಿಮ್ಮಡಿಗೂ ಈ ಬಾಧೆ ಹೊಸದಲ್ಲ. ಶಾಖವು ಬಿಗಿತವನ್ನು ಸಡಿಲಿಸಿ ಹಿತವೀಯುವುದು ನಿಜ. ಆದರೆ ಲಕ್ಕಿಯು ಉರಿಯೂತವನ್ನು ತಗ್ಗಿಸುವುದೆಂಬುದಕ್ಕೆ ಇರುವ ಆಧಾರ ಬಹುಮಟ್ಟಿಗೆ ಇಲಿಗಳ ಮೇಲಿನ ಪ್ರಯೋಗಗಳದು; ಅಷ್ಟನ್ನೇ ನಂಬಿ ವೈದ್ಯನು ಭರವಸೆ ಕೊಡುವುದು ಸಲ್ಲದೆಂದು ನನ್ನ ಮತ. ಸುಶ್ರುತನೂ ಸ್ನಾಯುಗತ ವಾತಕ್ಕೆ ಸ್ನೇಹವೊಂದನ್ನೇ ಹೇಳದೆ ಉಪನಾಹ, ಬಂಧನ, ಮರ್ದನ, ಅಗ್ನಿಕರ್ಮಗಳನ್ನೂ ಸೇರಿಸಿದ್ದಾನೆ. ಸ್ವೀಡನ್ನಿನ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 15 ಮಂದಿ ಓಟಗಾರರು 12 ವಾರ ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವ ವ್ಯಾಯಾಮ ಮಾಡಿ ಮತ್ತೆ ಓಡತೊಡಗಿದರು. ನಮ್ಮ ಶಾಖದ ಜೊತೆಗೆ ಇಂಥ ವ್ಯಾಯಾಮವೂ ಸೇರಬೇಕು. ಹಿಮ್ಮಡಿಯ ಮೇಲ್ಭಾಗದಲ್ಲಿ ಥಟ್ಟನೆ ಏನೋ ಹರಿದಂತಾಗಿ ಕಾಲೂರಲಾಗದಿದ್ದರೆ ಮಾತ್ರ ಸೊಪ್ಪು ಹುಡುಕದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.