ಆಳುಗಳ ಲೆಕ್ಕ ಏಜೆಂಟನ ಕೈಗೆ ಬೇಡ

ಸಣ್ಣ ವ್ಯಾಪಾರಸ್ಥರಿಗೆ ಈಚೆಗೆ ಒಂದು ಹೊಸ ಉಪದೇಶ ನಡೆದಿದೆ. "ನೀವು ವ್ಯಾಪಾರ ನೋಡಿಕೊಳ್ಳಿ, ನಿಮ್ಮ ಆಳುಗಳನ್ನು ನಮಗೆ ಬಿಡಿ" ಎಂಬುದೇ ಅದರ ಸಾರ. ಈ ಉಪದೇಶಕರು ತಮ್ಮನ್ನು ಮಾನವ ಸಂಪನ್ಮೂಲ ಸಲಹೆಗಾರರೆಂದು ಕರೆದುಕೊಳ್ಳುತ್ತಾರೆ. ನೆಲದಡಿಯ ಅದಿರು ಸಂಪನ್ಮೂಲ, ಕಾಡಿನ ಮರ ಸಂಪನ್ಮೂಲ. ಈಗ ಬಟ್ಟೆ ಅಂಗಡಿಯಲ್ಲಿ ಹಗಲೆಲ್ಲ ನಿಂತು ಗಜ ಅಳೆಯುವ ಹುಡುಗನೂ ಸಂಪನ್ಮೂಲವಾದನು! ಹೆಸರಿನ ಜಗಳ ಹಾಗಿರಲಿ. ಕೆಲಸದ ಮಾತಿಗೆ ಬರೋಣ.

ಸಣ್ಣ ಧಣಿಗೆ ನೆರವು ಬೇಡವೆಂದು ನಾವು ಹೇಳುವುದಿಲ್ಲ. ಬೆಳಗ್ಗೆ ಬಾಗಿಲು ತೆರೆದು, ಮಾಲು ತರಿಸಿ, ಸಾಲ ವಸೂಲು ಮಾಡಿ, ತೆರಿಗೆಯ ಲೆಕ್ಕ ಬರೆದು, ರಾತ್ರಿ ಬೀಗ ಹಾಕುವವನೂ ಅವನೇ. ಅಂಗಡಿಯಲ್ಲಿ ಹತ್ತು ಮಂದಿಯಾದರೆ ರಾಜ್ಯ ವಿಮೆ, ಇಪ್ಪತ್ತು ಮಂದಿಯಾದರೆ ಭವಿಷ್ಯನಿಧಿ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸಕ್ಕಿರುವ ಪ್ರತಿಯೊಬ್ಬನಿಗೂ ನೇಮಕಪತ್ರ ಕೊಡಬೇಕು, ಬಿಟ್ಟುಹೋದವನ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಇದನ್ನೆಲ್ಲ ಓದಿ ತಿಳಿದು ಬರೆಯಲು ಅವನಿಗೆ ಪುರಸತ್ತೆಲ್ಲಿ? ನೆರವು ಬೇಕೇ ಬೇಕು. ಯಾರಿಂದ ಬೇಕು, ಯಾವುದಕ್ಕೆ ಬೇಕು ಎಂಬುದಷ್ಟೇ ನಮ್ಮ ಪ್ರಶ್ನೆ.

ಇಂದು ಸುಲಭವಾಗಿ ದೊರೆಯುವವನು ಬೀದಿಯ ಏಜೆಂಟ. ತಿಂಗಳಿಗಿಷ್ಟು ಎಂದು ಗೊತ್ತುಮಾಡಿಕೊಂಡು ಧಣಿಯ ಹೆಸರಿನಲ್ಲಿ ವಿಮೆಯ ಖಾತೆ, ನಿಧಿಯ ಖಾತೆ ತೆರೆಯುತ್ತಾನೆ. ಖಾತೆಗೆ ಎಷ್ಟೋ ವೇಳೆ ಕೊಡುವುದು ತನ್ನದೇ ಮೊಬೈಲ್ ನಂಬರು. ಗುಪ್ತಪದವೂ ಅವನ ಬಳಿಯೇ. ಧಣಿಗೆ ತನ್ನ ಖಾತೆಯನ್ನೇ ತಾನು ನೋಡುವಂತಿಲ್ಲ. ಮೇಲೆ ಎರಡು ಪುಕ್ಕಟೆ ಸಲಹೆ: "ಹದಿನಾಲ್ಕು ಮಂದಿ ಇದ್ದರೇನು, ಪುಸ್ತಕದಲ್ಲಿ ಒಂಬತ್ತು ತೋರಿಸಿ." "ಅಂಗಡಿಯನ್ನು ಎರಡು ಮಾಡಿ, ಒಂದನ್ನು ಮನೆಯವರ ಹೆಸರಿಗೆ ಬರೆಸಿ." ಧಣಿಗೆ ಹಣ ಉಳಿಯಿತೆಂಬ ಸಂತೋಷ.

ಎಷ್ಟು ಉಳಿಯಿತು? ನೋಡೋಣ. ರಾಜ್ಯ ವಿಮೆಗೆ ಧಣಿಯ ಪಾಲು ಸಂಬಳದ ಶೇಕಡ 3.25, ಆಳಿನ ಪಾಲು ಶೇಕಡ 0.75, 2019ರ ಜುಲೈನಿಂದ ಇದೇ ದರ. 15,000 ರೂಪಾಯಿ ಸಂಬಳಕ್ಕೆ ಎರಡೂ ಸೇರಿ 600 ರೂಪಾಯಿ. ಹದಿನಾಲ್ಕು ಮಂದಿಗೆ ತಿಂಗಳಿಗೆ 8,400. ಇದರಲ್ಲಿ ಧಣಿಯ ಕೈಯಿಂದ ಹೋಗುವುದು 6,825. ಸಣ್ಣ ಅಂಗಡಿಗೆ ಇದು ಸಣ್ಣ ಹಣವಲ್ಲ, ಒಪ್ಪುತ್ತೇವೆ. ಆದರೆ ಹೊಲಿಗೆ ಯಂತ್ರದ ಬೆಲ್ಟಿಗೆ ಒಬ್ಬ ಹೆಣ್ಣುಮಗಳ ಕೈ ಸಿಕ್ಕಿತೆಂದಿಟ್ಟುಕೊಳ್ಳಿ. ಕೆಲಸದಲ್ಲಿ ಪೆಟ್ಟಾದವರಿಗೆ, ವಾಸಿಯಾಗುವ ತನಕ, ವಿಮೆಯಿಂದ ಸಂಬಳದ ಶೇಕಡ 90 ದೊರೆಯುತ್ತದೆ. ಕಾಯಿಲೆ ಬಿದ್ದವರಿಗೆ ವರ್ಷದಲ್ಲಿ 91 ದಿನಗಳವರೆಗೆ ಶೇಕಡ 70. ಪುಸ್ತಕದಲ್ಲಿಲ್ಲದ ಐದು ಮಂದಿಯಲ್ಲಿ ಅವಳೂ ಒಬ್ಬಳಾದರೆ ಆ ಹಣಕ್ಕಾಗಿ ಅವಳು ಎಷ್ಟು ಕಚೇರಿ ಅಲೆಯಬೇಕು? ಕೊನೆಗೆ ವಿಮಾ ನಿಗಮವು ತಾನು ಕೊಟ್ಟದ್ದನ್ನು ವಸೂಲು ಮಾಡಲು ಧಣಿಯ ಬಾಗಿಲಿಗೇ ಬರುತ್ತದೆ. ಏಜೆಂಟನ ಬಾಗಿಲಿಗಲ್ಲ. ಆಳಿನ ಸಂಬಳದಲ್ಲಿ ಹಿಡಿದ ಭವಿಷ್ಯನಿಧಿಯನ್ನು ಕಟ್ಟದೆ ಹೋದರಂತೂ ಅದು ನಂಬಿಕೆದ್ರೋಹದ ಅಪರಾಧ. ಅಲ್ಲಿಯೂ ಕಾನೂನು ಮೊದಲು ಹುಡುಕುವುದು ಧಣಿಯನ್ನೇ.

ಇನ್ನೊಬ್ಬನಿದ್ದಾನೆ, ಆಳು ಒದಗಿಸುವ ಕಂತ್ರಾಟುದಾರ. ಅವನ ಪಟ್ಟಿಯಲ್ಲಿ ಹೆಸರು, ನಿಮ್ಮ ಅಂಗಡಿಯಲ್ಲಿ ದುಡಿಮೆ. ಯಾರನ್ನು ಕಳಿಸಬೇಕು, ಯಾರನ್ನು ನಾಳೆ ಬರಬೇಡವೆನ್ನಬೇಕು ಎಂಬುದು ಅವನ ಇಚ್ಛೆ. ಗಿರಣಿ ಕಾರ್ಮಿಕ ಬಂಧುಗಳಿಗೆ ಈ ಮನುಷ್ಯನ ಪರಿಚಯ ಹೊಸದಲ್ಲ. ಮುಂಬಯಿಯ ಗಿರಣಿಗಳಲ್ಲಿ ಅವನಿಗೆ ಜಾಬರ್ ಎನ್ನುತ್ತಿದ್ದರು, ಕೆಲವೆಡೆ ಮುಕ್ಕದಮ, ನಮ್ಮ ಕಡೆ ಮೇಸ್ತ್ರಿ. ಕೆಲಸಕ್ಕೆ ಸೇರಬೇಕಾದರೆ ಅವನಿಗೆ ದಸ್ತೂರಿ, ರಜೆಯಿಂದ ಮರಳಿ ಸೇರಬೇಕಾದರೆ ಮತ್ತೆ ದಸ್ತೂರಿ. 1929ರಲ್ಲಿ ನೇಮಕವಾದ ವಿಟ್ಲೆ ಆಯೋಗ, ಅದೇನು ಕಾರ್ಮಿಕರ ಆಯೋಗವಲ್ಲ, ಬ್ರಿಟಿಷ್ ಸರಕಾರದ ಆಯೋಗ, ಅದು ಸಹ 1931ರ ವರದಿಯಲ್ಲಿ ಆಳು ಸೇರಿಸುವ ತೆಗೆಯುವ ಅಧಿಕಾರವನ್ನು ಜಾಬರನ ಕೈಯಿಂದ ತೆಗೆದು ಲೇಬರ್ ಆಫೀಸರನಿಗೆ ಕೊಡಬೇಕೆಂದು ಹೇಳಿತು. 1948ರ ಕಾರ್ಖಾನೆ ಕಾಯ್ದೆ ಐನೂರು ಮಂದಿ ದುಡಿಯುವ ಕಡೆ ಕಲ್ಯಾಣಾಧಿಕಾರಿ ಇರಬೇಕೆಂದಿತು. ದೊಡ್ಡ ಗಿರಣಿಗೆ ಅಧಿಕಾರಿ ದೊರೆತ. ಹದಿನಾಲ್ಕು ಮಂದಿಯ ಅಂಗಡಿಗೆ ಯಾರೂ ದೊರೆಯಲಿಲ್ಲ. ಆ ಖಾಲಿ ಜಾಗದಲ್ಲಿ ಹಳೆಯ ಜಾಬರನೇ ಇಸ್ತ್ರಿ ಅಂಗಿ ತೊಟ್ಟು ಕುಳಿತಿದ್ದಾನೆ.

ಹಾಗಾದರೆ ಮಾಡುವುದೇನು? ಒಂದು ಅಂಗಡಿ ಒಬ್ಬ ಗುಮಾಸ್ತನನ್ನು ಸಾಕಲಾರದು. ಹದಿನೈದು ಅಂಗಡಿಗಳು ಕೂಡಿದರೆ ಸಾಕಬಲ್ಲವು. ವರ್ತಕರ ಸಂಘವೇ ಆಗಲಿ, 1959ರ ಸಹಕಾರ ಸಂಘಗಳ ಕಾಯ್ದೆಯಡಿ ಅಥವಾ 1997ರ ಸೌಹಾರ್ದ ಕಾಯ್ದೆಯಡಿ ನೋಂದಾಯಿಸಿದ ಸಹಕಾರಿಯೇ ಆಗಲಿ, ಲೆಕ್ಕ ಬಲ್ಲ ಒಬ್ಬನನ್ನು ಸಂಬಳಕ್ಕಿಟ್ಟುಕೊಳ್ಳಲಿ. ಇಂದು ಏಜೆಂಟಿಕೆ ಮಾಡುವ ಓದಿದ ಹುಡುಗರಲ್ಲಿ ಪ್ರಾಮಾಣಿಕರು ಇಲ್ಲದಿಲ್ಲ. ಅಂಥವನನ್ನೇ ಕರೆದು ಕೂರಿಸಿ, ಅವನಿಗೂ ನೇಮಕಪತ್ರ ಕೊಡಿ.

ಇದು ಕನಸಿನ ಮಾತೆನ್ನುವವರು ನೆರೆಯ ಮಹಾರಾಷ್ಟ್ರದ ಹಮಾಲರನ್ನು ನೋಡಲಿ. ಒಬ್ಬ ಹಮಾಲ ಒಂದೇ ದಿನ ನಾಲ್ಕು ಮಂಡಿಗಳ ಮೂಟೆ ಹೊರುತ್ತಾನೆ. ಅವನ ಧಣಿ ಯಾರು? ಅಣ್ಣಾಸಾಹೇಬ ಪಾಟೀಲರ ಮುಂದಾಳ್ತನದಲ್ಲಿ ಮಾಥಾಡಿ ಹಮಾಲರು ಹೋರಾಡಿ 1969ರಲ್ಲಿ ಒಂದು ಕಾಯ್ದೆ ಪಡೆದರು. ವರ್ತಕರು, ಹಮಾಲರು, ಸರಕಾರ, ಮೂವರ ಪ್ರತಿನಿಧಿಗಳೂ ಇರುವ ಮಂಡಳಿಗಳಾದವು. ವರ್ತಕ ಕೂಲಿಯ ಜೊತೆಗೆ ಗೊತ್ತಾದ ಲೆವಿ ಸೇರಿಸಿ ಮಂಡಳಿಗೆ ಕಟ್ಟುತ್ತಾನೆ. ಮಂಡಳಿ ಹಮಾಲನಿಗೆ ಕೂಲಿ ಕೊಟ್ಟು, ನಿಧಿ, ಗ್ರ್ಯಾಚುಯಿಟಿ, ರಜೆಯ ಲೆಕ್ಕ ಇಡುತ್ತದೆ. ದೋಷವಿಲ್ಲವೆಂದಲ್ಲ. ಮಾಥಾಡಿ ಹೆಸರು ಹೇಳಿ ಸುಲಿಗೆ ಮಾಡುವವರ ಮೇಲೆ ಅಲ್ಲಿಯೂ ದೂರುಗಳಿವೆ. ಆದರೂ ಮೂಟೆ ಹೊರುವವನ ಲೆಕ್ಕವನ್ನೇ ಕೂಡಿ ಇಡಬಹುದಾದರೆ, ದಿನಾ ಒಂದೇ ಅಂಗಡಿಗೆ ಬರುವ ಹುಡುಗನ ಲೆಕ್ಕ ಅಸಾಧ್ಯವೆ?

"ಸಂಘದ ಗುಮಾಸ್ತನೂ ಕಳ್ಳನಾದರೆ?" ಎಂದು ಕೇಳುವಿರಿ. ಅದಕ್ಕೇ ಹಣ ಅವನ ಕೈ ಸೇರಕೂಡದು. ಧಣಿಯ ಬ್ಯಾಂಕ್ ಖಾತೆಯಿಂದ ನೇರವಾಗಿ ಹೋಗಲಿ. ಗುಪ್ತಪದವೂ ಮೊಬೈಲ್ ನಂಬರೂ ಧಣಿಯದೇ ಇರಲಿ. ಕಟ್ಟಿದ ರಸೀದಿಯನ್ನು ತಿಂಗಳು ತಿಂಗಳು ಅಂಗಡಿಯ ಗೋಡೆಗೆ ಅಂಟಿಸಲಿ. ನಿಧಿಯ ಪಾಸ್‌ಬುಕ್ಕನ್ನು ಈಗ ಮೊಬೈಲಿನಲ್ಲೇ ನೋಡಬಹುದು. ಬಾರದವನಿಗೆ ಬಲ್ಲವನು ತೋರಿಸಲಿ. ಗುಮಾಸ್ತನ ಲೆಕ್ಕ ನೋಡುವ ಸಮಿತಿಯಲ್ಲಿ ಆಳುಗಳ ಕಡೆಯ ಇಬ್ಬರು ಕೂರಲೇಬೇಕು. ಈ ಮಾತಿಗೆ ಕೆಲವು ವರ್ತಕರು ಮುಖ ಸಿಂಡರಿಸುತ್ತಾರೆಂದು ಬಲ್ಲೆವು. ಹಿಡಿದ ಹಣ ಆಳಿನದು. ಅದು ಎಲ್ಲಿಗೆ ಹೋಯಿತೆಂದು ಅವನು ಕೇಳಬಾರದೆ?

ಗುಮಾಸ್ತನಿಗೆ ಬಿಡಬೇಕಾದದ್ದು ಕಾಗದದ ಕೆಲಸ ಮಾತ್ರ. ಯಾರನ್ನು ಸೇರಿಸಬೇಕು, ಎಷ್ಟು ಸಂಬಳ, ಹಬ್ಬಕ್ಕೆ ಯಾರಿಗೆ ರಜೆ, ಬಸುರಿ ಹೆಂಗಸಿಗೆ ಯಾವ ಕೆಲಸ ಎಂಬುದನ್ನೆಲ್ಲ ಧಣಿ ಆಳುಗಳ ಎದುರು ಕುಳಿತೇ ಮಾತಾಡಬೇಕು. ಜಗಳವಾದರೂ ಚಿಂತೆಯಿಲ್ಲ. ಎದುರಾಎದುರು ಆದ ಜಗಳ ಸಂಜೆಯೊಳಗೆ ತೀರೀತು. ಏಜೆಂಟನ ಮೂಲಕ ಆದ ಜಗಳ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವರ್ಷಗಟ್ಟಲೆ ಕೂತೀತು.

ಗಿರಣಿಗಳು ಮುಚ್ಚಿದ ಊರುಗಳಲ್ಲಿ ಗಿರಣಿಯವರ ಮಕ್ಕಳೇ ಈ ಅಂಗಡಿಗಳಲ್ಲಿ, ಹೊಲಿಗೆ ಘಟಕಗಳಲ್ಲಿ ದುಡಿಯುತ್ತಿದ್ದಾರೆ. ತಂದೆಗೆ ಸಂಘವಿತ್ತು, ಮಗಳಿಗೆ ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲ. ವರ್ತಕ ಮಿತ್ರರು ತಮ್ಮ ಸಂಘದ ಮುಂದಿನ ಸಭೆಯಲ್ಲಿ ಜಂಟಿ ಗುಮಾಸ್ತನ ವಿಷಯ ಎತ್ತಲಿ. ಅದಕ್ಕೆ ಮೊದಲು, ಇಂದೇ, ಏಜೆಂಟನನ್ನು ಕರೆದು ತಮ್ಮ ಖಾತೆಯ ಗುಪ್ತಪದ ಕೇಳಿ ಪಡೆಯಲಿ. ಕೊಡಲು ಅವನು ಎಷ್ಟು ದಿನ ಸತಾಯಿಸುತ್ತಾನೋ ಎಣಿಸಲಿ.